ಒಂದೇ ಗೀಟಿನಲ್ಲಿ ಬರುವ ಪದಗಳು

ಕಳೆದ ಆಷಾಢದಲ್ಲಿ ನಮ್ಮ ಶಾರ್ಟ್‌ಹ್ಯಾಂಡ್ ಮೇಷ್ಟ್ರು ತೀರಿಕೊಂಡರು. ಸುದ್ದಿ ಬಂದಾಗ ಬೆಳಿಗ್ಗೆ ಆರೂವರೆ ಇರಬೇಕು. ಹೊರಗೆ ಒಂದೇ ಸಮ ಮಳೆ. ಕರೆಂಟು ಹಿಂದಿನ ರಾತ್ರಿಯೇ ಹೋಗಿತ್ತು, ಫೋನಿನಲ್ಲಿ ಹನ್ನೆರಡು ಪರ್ಸೆಂಟ್ ಚಾರ್ಜು ಉಳಿದಿತ್ತು. ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಅಷ್ಟೊತ್ತಿಗೆ ಇಪ್ಪತ್ತು ಮೂವತ್ತು ಮೆಸೇಜು ಬಂದಿದ್ದವು. ನಾನೂ ಏನಾದರೂ ಬರೆಯಬೇಕು ಅಂತ 'ಭಾ' ಒತ್ತಿದೆ. ಫೋನು 'ಭಾವಪೂರ್ಣ' ಅಂತ ತೋರಿಸಿತು. ಅದನ್ನು ಮುಟ್ಟಿದ್ದೇ ತಡ, ಪಕ್ಕದಲ್ಲಿ 'ಶ್ರದ್ಧಾಂಜಲಿ' ಬಂದು ಕೂತಿತು. ಎರಡು ಸಲ ಬೆರಳು ತಾಗಿಸಿದ್ದಕ್ಕೆ ಸಂತಾಪ ತಯಾರಾಗಿಬಿಟ್ಟಿತ್ತು. ಕಳಿಸುವ ಗುರುತಿನ ಹತ್ತಿರ ಹೆಬ್ಬೆರಳು ಒಯ್ದವಳು ಅಲ್ಲೇ ತಡೆದೆ. ಮೇಲೆ ನೋಡಿದರೆ ಗುಂಪಿನಲ್ಲಿ ಎಲ್ಲರೂ ಅದೇ ಎರಡು ಪದ ಹಾಕಿದ್ದರು. ಅವರ ದುಃಖ ಸುಳ್ಳಲ್ಲ, ಅವರಲ್ಲಿ ಎಷ್ಟೋ ಜನ ಮೇಷ್ಟ್ರು ಹಾಕಿಕೊಟ್ಟ ಅನ್ನ ತಿಂದವರು. ಆದರೂ ನನ್ನ ಕೈಯಿಂದ ಅದು ಹೋಗಲಿಲ್ಲ. ಬರೆದದ್ದನ್ನು ಅಳಿಸಿ ಫೋನು ಇಟ್ಟು ಒಲೆ ಮುಂದೆ ಹೋಗಿ ಕೂತೆ.

ಯಾಕೆ ಹೋಗಲಿಲ್ಲ ಅನ್ನುವುದನ್ನೇ ಇಷ್ಟು ದಿನದಿಂದ ಯೋಚನೆ ಮಾಡುತ್ತಿದ್ದೇನೆ. ಒಂದು ಪದ ಇನ್ನೊಂದು ಪದವನ್ನು ಹೇಗೆ ಕರೆದುಕೊಂಡು ಬರುತ್ತದೆ ಎನ್ನುವುದನ್ನು ನನಗೆ ಕಲಿಸಿದವರು ಅವರೇ. ಹಾಗೆ ಬಂದ ಪದ ಒಬ್ಬ ಬಡಪಾಯಿಗೆ ಏನು ಮಾಡಬಲ್ಲದು ಎಂದು ನಾನು ಕಲಿತ ದಿನ ನನ್ನೆದುರಿಗೆ ಇದ್ದವರೂ ಅವರೇ.

ಮಹಡಿ ಮೇಲಿನ ಕ್ಲಾಸು

1989ರಲ್ಲಿ ಪಿಯುಸಿ ಮುಗಿಸಿ, ಹೊಸನಗರದ ಕಡೆಯ ನಮ್ಮೂರಿಂದ ಶಿವಮೊಗ್ಗದ ಚಿಕ್ಕಮ್ಮನ ಮನೆಗೆ ಬಂದೆ. ಆಗ ಪಿಯುಸಿ ಆದ ಹೆಣ್ಣುಮಕ್ಕಳಿಗೆ ಮದುವೆ ಗೊತ್ತಾಗುವವರೆಗೆ ಟೈಪಿಂಗ್ ಅಂತ ಒಂದು ದಾರಿ ಇತ್ತು. ದುರ್ಗಿಗುಡಿಯಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿ ಮೇಲೆ ಕ್ಲಾಸು. ಮರದ ಏಣಿ ಮೆಟ್ಟಿಲು, ಮೇಲೆ ಹೋದರೆ ಸಾಲಾಗಿ ಹತ್ತು ಹನ್ನೆರಡು ಮೆಷಿನ್ನು, ಮಳೆಗಾಲದಲ್ಲಿ ರಿಬ್ಬನ್ನಿನ ವಾಸನೆಯೂ ಒದ್ದೆ ಕೊಡೆಯ ವಾಸನೆಯೂ ಸೇರಿ ಒಂದು ಥರ ಆಗಿರುತ್ತಿತ್ತು. ಒಳಗಿನ ಸಣ್ಣ ಕೋಣೆಯಲ್ಲಿ ಶಾರ್ಟ್‌ಹ್ಯಾಂಡ್, ಅಂದರೆ ಬಾಯಲ್ಲಿ ಹೇಳಿದ್ದನ್ನು ಅಷ್ಟೇ ವೇಗದಲ್ಲಿ ಗೀಟುಗಳಲ್ಲಿ ಬರೆದುಕೊಳ್ಳುವುದು. ಅಲ್ಲಿ ಬೆಂಚು ನಾಲ್ಕೇ, ಯಾಕೆಂದರೆ ಟೈಪಿಂಗ್ ಕಲಿಯುವವರಲ್ಲಿ ಶಾರ್ಟ್‌ಹ್ಯಾಂಡಿಗೆ ಉಳಿಯುತ್ತಿದ್ದವರು ಕಡಿಮೆ.

ನನ್ನ ಇಂಗ್ಲಿಷು ಆಗ ಹೇಗಿತ್ತು ಅಂದರೆ, ಪ್ರತಿ ಪಾಠದ ಕೊನೆಯಲ್ಲಿ ಎರಡು ಸಾಲಾಗಿ ಬರೆದುಕೊಂಡ ಪದ-ಅರ್ಥದ ಪಟ್ಟಿ. ಟೇಕ್ ಅಂದರೆ ತೆಗೆದುಕೋ, ಮೇಕ್ ಅಂದರೆ ಮಾಡು, ರನ್ ಅಂದರೆ ಓಡು, ಹೆವಿ ಅಂದರೆ ಭಾರ. ನಿಂತಲ್ಲೇ ನೂರು ಪದ ಒಪ್ಪಿಸುತ್ತಿದ್ದೆ. ಒಂದು ವಾಕ್ಯ ಬರೆ ಅಂದರೆ ಬೆವರುತ್ತಿದ್ದೆ. ಕನ್ನಡ ಮೀಡಿಯಂ ಅಂತ ಹೇಳಿದಾಗ ಮೇಷ್ಟ್ರು ತಲೆ ಅಲ್ಲಾಡಿಸಿ ಅಂದರು: "ಹೆದರಬೇಡಮ್ಮ. ಯಾವ ಪದದ ಹಿಂದೆ ಯಾವುದು ಬರತ್ತೆ ಅಂತ ಮೊದ್ಲು ಕೈಗೆ ಗೊತ್ತಾಗ್ಲಿ. ಅರ್ಥ ಹಿಂದಿಂದ ಬರತ್ತೆ." ಆಗ ಅದು ಸಮಾಧಾನದ ಮಾತು ಅಂದುಕೊಂಡಿದ್ದೆ.

ಪಿಟ್ಮನ್ ಶಾರ್ಟ್‌ಹ್ಯಾಂಡ್ ಕಲಿತವರಿಗೆ ಗೊತ್ತು. ಐಸಾಕ್ ಪಿಟ್ಮನ್ 1837ರಲ್ಲಿ ಹೊರತಂದ ಆ ಲಿಪಿಯಲ್ಲಿ ಕಾಗುಣಿತ ಇಲ್ಲ, ಕಿವಿಗೆ ಕೇಳಿದ ಸದ್ದು ಮಾತ್ರ. ತೆಳು ಗೀಟು ಎಳೆದರೆ ಪ, ಅದನ್ನೇ ಒತ್ತಿ ಎಳೆದರೆ ಬ. ಗೆರೆಯ ಮೇಲೆ ಬರೆಯುತ್ತೀಯೋ, ಗೆರೆಗೆ ತಾಗಿಸುತ್ತೀಯೋ, ಗೆರೆ ಸೀಳಿಕೊಂಡು ಹೋಗುತ್ತೀಯೋ, ಅದರ ಮೇಲೆ ಸ್ವರ ತಿಳಿಯಬೇಕು. ಮೂರು ತಿಂಗಳು ಇದೇ ಆಯಿತು. ನಾಲ್ಕನೇ ತಿಂಗಳಲ್ಲಿ ಮೇಷ್ಟ್ರು ಫ್ರೇಸಿಂಗ್ ಶುರು ಮಾಡಿದರು, ಅಂದರೆ ಒಟ್ಟಿಗೆ ಬರುವ ಪದಗಳನ್ನು ಪೆನ್ಸಿಲ್ ಎತ್ತದೆ ಒಂದೇ ಗೀಟಿನಲ್ಲಿ ಬರೆಯುವುದು. 'ಐ ಆಮ್ ಇನ್ ರಿಸೀಟ್ ಆಫ್ ಯುವರ್ ಲೆಟರ್', ಏಳು ಪದ, ಒಂದು ಎಳೆತ. 'ಯುವರ್ಸ್ ಫೇತ್‌ಫುಲ್ಲಿ', ಒಂದು ಎಳೆತ. 'ದಿ' ಅನ್ನುವ ಪದಕ್ಕೆ ಎಷ್ಟೋ ಕಡೆ ಸ್ವಂತ ಜಾಗವೇ ಇಲ್ಲ. ಹಿಂದಿನ ಪದದ ಬಾಲಕ್ಕೆ ಒಂದು ಪುಟ್ಟ ಗೀರು ಎಳೆದರೆ ಮುಗಿಯಿತು. ಇನ್ನೂ ಒಂದು ಸೊಗಸು ಇತ್ತು. ಪ ಗೀಟನ್ನು ಬೇರೆ ಗೀಟಿನ ಮೇಲೆ ಅಡ್ಡ ಹಾಯಿಸಿದರೆ 'ಪಾರ್ಟಿ', ಕ ಗೀಟು ಅಡ್ಡ ಹಾಯಿಸಿದರೆ 'ಕಂಪನಿ'. ಒಂಟಿಯಾಗಿ ನಿಂತ ಪ ಬರೀ ಒಂದು ಸದ್ದು. ಇನ್ನೊಂದರ ಮೈಮೇಲೆ ಬಿದ್ದಾಗ ಅದಕ್ಕೊಂದು ಅರ್ಥ.

"ಬಲವಂತವಾಗಿ ಕೂಡಿಸ್ಬೇಡಿ. ತಾವಾಗೇ ಕೂಡೋ ಪದ ಮಾತ್ರ ಕೂಡಿಸಿ," ಅಂತ ಮೇಷ್ಟ್ರು ಪ್ರತಿದಿನ ಹೇಳುತ್ತಿದ್ದರು. ತಾವಾಗೇ ಕೂಡುವ ಪದಗಳು ಯಾವುವು ಅಂತ ತಿಳಿಯುವುದಕ್ಕೆ ನೂರಾರು ಕಾಗದ ಬರೆಯಬೇಕಾಯಿತು. ವರ್ಷದ ಕೊನೆಗೆ ನನಗೆ ಒಂದು ವಿಚಿತ್ರ ಆಗಿತ್ತು. ಮೇಷ್ಟ್ರು 'ವಿ ರಿಗ್ರೆಟ್ ಟು' ಅನ್ನುವಷ್ಟರಲ್ಲಿ ನನ್ನ ಪೆನ್ಸಿಲ್ಲು 'ಇನ್ಫಾರ್ಮ್ ಯು' ಕಡೆ ತಿರುಗಿರುತ್ತಿತ್ತು. ರಿಗ್ರೆಟ್ ಅಂದರೆ ವಿಷಾದ ಅಂತ ಪಟ್ಟಿಯಲ್ಲಿ ಓದಿದ್ದೆ. ಆದರೆ ಆ ಪದ ಆಫೀಸಿನ ಕಾಗದದಲ್ಲಿ ಬಂದರೆ ಮುಂದೆ 'ಇಲ್ಲ' ಅನ್ನುವ ಉತ್ತರ ಕಾದಿದೆ ಅನ್ನುವುದು ನನ್ನ ಕೈಗೆ ಗೊತ್ತಾಗಿತ್ತು.

ಕಂಪ್ಯೂಟರು ಬಂದಮೇಲೆ ಇದನ್ನೇ ಲೆಕ್ಕ ಹಾಕಿ ತೋರಿಸಿದರು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಫ್ರಾನ್ಸಿಸ್ ಮತ್ತು ಕುಚೆರಾ ಅನ್ನುವವರು 1961ರಲ್ಲಿ ಅಚ್ಚಾದ ಬರಹಗಳಿಂದ ಒಟ್ಟು 10 ಲಕ್ಷ ಪದ ಕೂಡಿಹಾಕಿದರು. ಅದೇ ಮಾದರಿಯಲ್ಲಿ ನಮ್ಮ ಪಕ್ಕದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್. ವಿ. ಶಾಸ್ತ್ರಿಯವರು ಭಾರತೀಯರು 1978ರಲ್ಲಿ ಬರೆದ ಇಂಗ್ಲಿಷಿನಿಂದ 10 ಲಕ್ಷ ಪದ ಸಂಗ್ರಹಿಸಿದರು. ಇಂಥ ರಾಶಿಯನ್ನು ಜರಡಿ ಹಿಡಿದರೆ ಇಂಗ್ಲಿಷ್ ಬರಹದಲ್ಲಿ ಅತಿ ಹೆಚ್ಚು ಸಲ ಒಟ್ಟಿಗೆ ಸಿಗುವ ಜೋಡಿಗಳು 'ಆಫ್ ದಿ', 'ಇನ್ ದಿ'. ಅಣ್ಣನ ಮಗಳು ಶಂಕರಘಟ್ಟದಲ್ಲಿ ಇಂಗ್ಲಿಷ್ ಎಂಎ ಓದುವಾಗ ಇದನ್ನು ಹೇಳಿದಾಗ ನನಗೆ ಆಶ್ಚರ್ಯವೇ ಆಗಲಿಲ್ಲ. ದಿನಕ್ಕೆ ಸಾವಿರ ಸಲ ಬರೆಯಬೇಕಾದ್ದಕ್ಕೆ ತಾನೇ ಪಿಟ್ಮನ್ ಅಷ್ಟು ಚಿಕ್ಕ ಗೀರು ಇಟ್ಟದ್ದು. ಕಂಪ್ಯೂಟರಿಗಿಂತ ನೂರಿಪ್ಪತ್ತು ವರ್ಷ ಮೊದಲು, ಬರೆದು ಬರೆದು ಸೋತ ಕೈಗಳು ಆ ಲೆಕ್ಕ ಹಾಕಿದ್ದವು.

ಜೋರು ಮಳೆ, ಜೋರು ಜ್ವರ

"ಪದಗಳು ಹೀಗೆ ಜೊತೆಯಾಗಿ ಬರೋದಕ್ಕೆ ಕೊಲೊಕೇಶನ್ ಅಂತಾರೆ ಅತ್ತೆ," ಅಂದಳು ಅಣ್ಣನ ಮಗಳು. ಜೆ. ಆರ್. ಫರ್ತ್ ಅನ್ನುವ ಇಂಗ್ಲಿಷ್ ಭಾಷಾಶಾಸ್ತ್ರಜ್ಞರ ಮಾತನ್ನೂ ಓದಿ ಹೇಳಿದಳು. ಒಂದು ಪದ ಯಾರ ಸಹವಾಸದಲ್ಲಿದೆ ಅಂತ ನೋಡಿದರೆ ಆ ಪದ ಏನು ಅಂತ ತಿಳಿಯುತ್ತದೆ ಅಂತ ಅವರು 1957ರಲ್ಲಿ ಬರೆದರಂತೆ. ನೈಟ್ ಅನ್ನುವ ಪದದ ಅರ್ಥದ ಒಂದು ಭಾಗವೇ ಡಾರ್ಕ್ ಜೊತೆ ಬರುವ ಅದರ ಗುಣ ಅಂತಲೂ ಹೇಳಿದ್ದಾರೆ. ಫರ್ತ್ 1919ರಿಂದ ಸುಮಾರು ಒಂಬತ್ತು ವರ್ಷ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದವರು. ಇಂಗ್ಲಿಷನ್ನು ಹೊರಗಿನಿಂದ ಕಲಿಯುವ ಹುಡುಗರ ಎದುರು ಅಷ್ಟು ವರ್ಷ ನಿಂತದ್ದಕ್ಕೂ ಈ ಮಾತಿಗೂ ಸಂಬಂಧ ಇದೆ ಅಂತ ನನಗೆ ಅನ್ನಿಸುತ್ತದೆ. ಅದು ನನ್ನ ಅನಿಸಿಕೆ, ಪುಸ್ತಕದ್ದಲ್ಲ. ಆದರೆ ನಮ್ಮ ಜಗಲಿ ಮೇಲೆ ಸಂಜೆ ಟ್ಯೂಷನ್ನಿಗೆ ಬರುವ ಮಕ್ಕಳನ್ನು ನೋಡುತ್ತ ನನಗೆ ಆದದ್ದು ಅದೇ.

ಏಳನೇ ಕ್ಲಾಸಿನ ಒಬ್ಬ ಹುಡುಗ. ಅಪ್ಪ ತೋಟದ ಕೆಲಸಕ್ಕೆ ಹೋಗುವವರು. ರಜೆಯಲ್ಲಿ ಏನಾಯಿತು ಅಂತ ಐದು ಸಾಲು ಬರಿ ಅಂದಿದ್ದೆ. 'ದೇರ್ ವಾಸ್ ಸ್ಪೀಡ್ ರೇನ್' ಅಂತ ಬರೆದಿದ್ದ. ಮುಂದಿನ ಸಾಲು 'ಮೈ ಫಾದರ್ ಬೀಟ್ ಮೆಡಿಸಿನ್'. ಸ್ಪೀಡ್ ಹೊಡೆದು ಹೆವಿ ಅಂತ ತಿದ್ದಿದೆ. ಹುಡುಗ ತಲೆ ಎತ್ತಿ ಕೇಳಿದ, "ಟೀಚರ್, ಹೆವಿ ಅಂದ್ರೆ ಭಾರ ಅಲ್ವಾ? ಮಳೆನ ಎತ್ತಿ ನೋಡಕ್ ಆಗತ್ತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮಳೆ ಹೆವಿ ಯಾಕೆ, ಗಾಳಿ ಸ್ಟ್ರಾಂಗ್ ಯಾಕೆ, ಜ್ವರ ಹೈ ಯಾಕೆ ಅನ್ನುವುದಕ್ಕೆ ಇಂಗ್ಲೆಂಡಿನಲ್ಲಿ ಹುಟ್ಟಿದವರ ಹತ್ತಿರವೂ 'ನಾವು ಹಾಗೇ ಹೇಳೋದು' ಅನ್ನುವುದು ಬಿಟ್ಟರೆ ಬೇರೆ ಉತ್ತರ ಇರಲಾರದು. ಹ್ಯಾಲಿಡೇ ಅನ್ನುವ ವಿದ್ವಾಂಸರು ಕೊಟ್ಟ ಉದಾಹರಣೆ ಈಗ ಎಲ್ಲ ಪಾಠದಲ್ಲೂ ಬರುತ್ತದೆ. ಟೀ ಸ್ಟ್ರಾಂಗ್ ಆಗಬಹುದು, ಪವರ್‌ಫುಲ್ ಆಗಬಾರದು. ಕಾರು ಪವರ್‌ಫುಲ್ ಆಗಬಹುದು, ಸ್ಟ್ರಾಂಗ್ ಅಂದರೆ ಸರಿಬರುವುದಿಲ್ಲ. ಶಿವಮೊಗ್ಗದ ಯಾವ ಹೋಟೆಲಿನಲ್ಲಿ ಕೇಳಿದರೂ 'ಒಂದ್ ಸ್ಟ್ರಾಂಗ್ ಟೀ' ಅಂತಾರೆ. ಇಂಗ್ಲಿಷ್ ಒಂದಕ್ಷರ ಓದದವರೂ ಆ ಜೋಡಿಯನ್ನು ತಪ್ಪಿಸುವುದಿಲ್ಲ, ಯಾಕೆಂದರೆ ಅವರಿಗೆ ಅದು ಜೋಡಿಯಾಗಿಯೇ ಬಂದದ್ದು.

ಅವತ್ತು ಹುಡುಗನಿಗೆ ಉತ್ತರ ಹೇಳುವ ಬದಲು ತಿರುಗಿ ಕೇಳಿದೆ. "ನಾವು ಯಾವುದಕ್ಕೆಲ್ಲ ಜೋರು ಅಂತೀವಿ ಹೇಳು." ಮಕ್ಕಳೆಲ್ಲ ಶುರು ಮಾಡಿದರು. ಜೋರು ಮಳೆ, ಜೋರು ಗಾಳಿ, ಜೋರು ಜ್ವರ, ಜೋರು ವ್ಯಾಪಾರ, ಜೋರು ಗಲಾಟೆ, ಜೋರು ಹಸಿವು. ಒಂದು ಹುಡುಗಿ, "ನಮ್ಮಜ್ಜಿ ಭಾರಿ ಜೋರು," ಅಂದಳು. ನಮ್ಮ ಒಂದು ಜೋರು ಇರುವಲ್ಲಿ ಇಂಗ್ಲಿಷು ಹೆವಿ, ಸ್ಟ್ರಾಂಗ್, ಹೈ, ಬ್ರಿಸ್ಕ್, ಲೌಡ್ ಅಂತ ಒಂದೊಂದಕ್ಕೆ ಒಂದೊಂದನ್ನು ಗೊತ್ತುಮಾಡಿದೆ. ಆಮೇಲೆ 'ಹೊಡೆ' ತಗೊಂಡೆವು. ಅಪ್ಪ ತೋಟಕ್ಕೆ ಔಷಧಿ ಹೊಡೆದದ್ದಕ್ಕೆ ತಾನೇ ಹುಡುಗ ಬೀಟ್ ಬರೆದದ್ದು. ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣ ಕಲಸಿ ಗೊನೆಗೆ ಸಿಂಪಡಿಸುವುದಕ್ಕೆ ಮಲೆನಾಡಿನಲ್ಲಿ ಹೊಡೆಯುವುದು ಎಂದೇ ಹೇಳುವುದು, ಅವನದ್ದೇನು ತಪ್ಪು? ಔಷಧಿ ಹೊಡಿ, ಗೊಬ್ಬರ ಹೊಡಿ, ಬಣ್ಣ ಹೊಡಿ, ಗಾಡಿ ಹೊಡಿ, ಹರಟೆ ಹೊಡಿ, ನಿದ್ದೆ ಹೊಡಿ, ಕಾಪಿ ಹೊಡಿ. ಇಷ್ಟರಲ್ಲಿ ಪೆಟ್ಟು ಬೀಳುವುದು ಯಾರಿಗೂ ಇಲ್ಲ. ನಿಘಂಟಿನಲ್ಲಿ ಹೊಡೆ ಅಂದರೆ ಬೀಟ್ ಅಂತ ಒಂದೇ ಸಾಲು ಓದಿದ ಹೊರಗಿನವನು ನಮ್ಮ ತೋಟಕ್ಕೆ ಬಂದರೆ ಗತಿ ಏನು? ಇಂಗ್ಲಿಷಿನಲ್ಲಿ ರನ್ ಪದಕ್ಕೆ ಆಕ್ಸ್‌ಫರ್ಡಿನ ದೊಡ್ಡ ನಿಘಂಟು 600ಕ್ಕೂ ಹೆಚ್ಚು ಅರ್ಥ ಕೊಟ್ಟಿದೆ. ನಾನು ಮಾತ್ರ ಆರನೇ ಕ್ಲಾಸಿನಿಂದ ರನ್ ಅಂದರೆ ಓಡು ಅಂತಲೇ ಒಪ್ಪಿಸುತ್ತ ಬಂದಿದ್ದೆ. ಎಷ್ಟು ವರ್ಷ ದಂಡ ಆಯಿತು ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಮನೆಯಲ್ಲಿ ಕನ್ನಡ ನಮಗೆ ಹೀಗೆ ಬಂದದ್ದಲ್ಲ. ಬೆಂಗಳೂರಿನಲ್ಲಿ ಬೆಳೆದ ಅತ್ತಿಗೆ ಮದುವೆಯಾಗಿ ಬಂದ ಹೊಸತರಲ್ಲಿ, "ಅಮ್ಮ, ದೋಸೆ ಮಾಡ್ಲಾ?" ಅಂದರೆ ನಮ್ಮಜ್ಜಿ ಒಳಗಿಂದಲೇ, "ದೋಸೆ ಹುಯ್ಯದು ಕಣೇ," ಅನ್ನುತ್ತಿದ್ದರು. ಪಕ್ಕದ ಹವ್ಯಕರ ಮನೆಯಲ್ಲಿ ದೋಸೆ ಎರೆಯುವುದು. ರೊಟ್ಟಿ ಆದರೆ ತಟ್ಟಬೇಕು, ಶಾವಿಗೆ ಆದರೆ ಒತ್ತಬೇಕು, ಮಜ್ಜಿಗೆ ಕಡೆಯಬೇಕು, ಉಪ್ಪಿನಕಾಯಿ ಹಾಕಬೇಕು. ಅಜ್ಜಿಗೆ ಅದು ವ್ಯಾಕರಣ ಅಲ್ಲ. ಹುಯ್ಯುವುದು ಅಂದಾಗ ಸೌಟು ಕಾವಲಿ ಮೇಲೆ ಸುತ್ತುತ್ತದೆ, ತಟ್ಟುವುದು ಅಂದಾಗ ಅಂಗೈ ಕಾಣುತ್ತದೆ. ಮಾಡುವುದು ಅಂದರೆ ಅವರ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಇಷ್ಟೆಲ್ಲ ಆದಮೇಲೆ ಮಕ್ಕಳ ಪಟ್ಟಿಯನ್ನು ಬದಲಾಯಿಸಿದೆ. ಈಗ ನೋಟ್ಸಿನಲ್ಲಿ ಒಂಟಿ ಪದ ಬರೆಯುವ ಹಾಗಿಲ್ಲ. ಡಿಸಿಶನ್ ಅಂತ ಬರೆದರೆ ಪಕ್ಕದಲ್ಲಿ ಟೇಕ್ ಅಥವಾ ಮೇಕ್ ಇರಬೇಕು, ಮಿಸ್ಟೇಕ್ ಜೊತೆ ಮೇಕ್, ಹೋಮ್‌ವರ್ಕ್ ಜೊತೆ ಡೂ. ಕನ್ನಡದಲ್ಲಿ ತಪ್ಪೂ ಮಾಡುತ್ತೇವೆ, ಹೋಮ್‌ವರ್ಕೂ ಮಾಡುತ್ತೇವೆ, ಹಾಗಾಗಿ ಎಲ್ಲಿ ಎಡವುತ್ತೇವೆ ಅಂತ ಮಕ್ಕಳೇ ಮೊದಲು ಗುರುತು ಹಾಕುತ್ತಾರೆ. ಪರೀಕ್ಷೆಯಲ್ಲಿ ಅಂಕ ಎಷ್ಟು ಬಂತೋ ಲೆಕ್ಕ ಇಟ್ಟಿಲ್ಲ. ವಾಕ್ಯ ಬರೆ ಅಂದರೆ ಬೆವರುವುದಂತೂ ನಿಂತಿದೆ.

ಮಳೆ ಹಿಡಿಯಿತು

ಸಹವಾಸದ ಇನ್ನೊಂದು ಮುಖ ಇದೆ, ಅದು ತಡವಾಗಿ ಗೊತ್ತಾಗುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಸಿಂಕ್ಲೇರ್ ಅನ್ನುವವರ ತಂಡ ಕಂಪ್ಯೂಟರಿನಲ್ಲಿ ಲಕ್ಷಾಂತರ ವಾಕ್ಯ ಜೋಡಿಸಿಕೊಂಡು, ಒಂದೊಂದು ಪದವನ್ನೂ ಸಾಲಿನ ನಡುವೆ ನಿಲ್ಲಿಸಿ ಎಡಬಲ ನೋಡಿ ನಿಘಂಟು ಮಾಡಿತು. ಅದು ಅಚ್ಚಾದದ್ದು 1987ರಲ್ಲಿ. ಹಾಗೆ ನೋಡುವಾಗ ಸಿಂಕ್ಲೇರ್ ಕಣ್ಣಿಗೆ ಬಿದ್ದದ್ದು 'ಸೆಟ್ ಇನ್' ಅನ್ನುವ ಜೋಡಿ. ಅರ್ಥ ನೋಡಿದರೆ ಶುರುವಾಗಿ ನೆಲೆಯೂರುವುದು, ಅಷ್ಟೇ. ಆದರೆ ಸೆಟ್ ಇನ್ ಆಗುವುದು ಏನು ಅಂತ ಹುಡುಕಿದರೆ ಕೊಳೆತ, ಸೋಂಕು, ಹತಾಶೆ. ಸಂತೋಷ ಸೆಟ್ ಇನ್ ಆದದ್ದು ಹುಡುಕಿದರೂ ಸಿಗುವುದು ಕಷ್ಟ. ಯಾವ ನಿಘಂಟಿನಲ್ಲೂ ಆವರೆಗೆ ಇದು ಇರಲಿಲ್ಲ, ಆಡುವವರಿಗೂ ತಾವು ಹೀಗೆ ಆಡುತ್ತಿದ್ದೇವೆ ಅಂತ ಗೊತ್ತಿರಲಿಲ್ಲ.

ಇದನ್ನು ಓದಿದಾಗ ಜೂನ್ ತಿಂಗಳು. ನಮ್ಮ ಇಂಗ್ಲಿಷ್ ಪೇಪರುಗಳಲ್ಲಿ 'ಮಾನ್ಸೂನ್ ಸೆಟ್ಸ್ ಇನ್' ಅಂತ ದಪ್ಪಕ್ಷರದಲ್ಲಿ ಬರುವ ಹೊತ್ತು. ಕೇರಳಕ್ಕೆ ವಾಡಿಕೆಯಂತೆ ಜೂನ್ 1ಕ್ಕೆ ಬಂದ ಮುಂಗಾರು ಕೆಲವೇ ದಿನದಲ್ಲಿ ನಮ್ಮ ಘಟ್ಟ ಹತ್ತುತ್ತದೆ. ರೈತರ ದೇಶದಲ್ಲಿ ಮಳೆ ಬರುವುದು ಸಂತೋಷದ ಸುದ್ದಿಯಲ್ಲವೇ, ಅದಕ್ಕೇಕೆ ಕೊಳೆಯ ಪಕ್ಕದ ಪದ ಅಂತ ಮೊದಲು ಅನ್ನಿಸಿತು. ಆಮೇಲೆ ನಮ್ಮ ಕಡೆ ಏನು ಹೇಳುತ್ತೇವೆ ಅಂತ ಕಿವಿಗೊಟ್ಟು ಕೇಳಿಕೊಂಡೆ. 'ಮಳೆ ಹಿಡೀತು' ಅನ್ನುತ್ತೇವೆ. ಹಿಡಿಯುವುದು ಇನ್ಯಾವುದು? ತುಕ್ಕು ಹಿಡಿಯುತ್ತದೆ, ಗೆದ್ದಲು ಹಿಡಿಯುತ್ತದೆ, ಬೂಸ್ಟು ಹಿಡಿಯುತ್ತದೆ, ಮಂಕು ಹಿಡಿಯುತ್ತದೆ, ಹುಚ್ಚು, ದೆವ್ವ, ಶನಿ, ಗ್ರಹಣ. ಮಾವು ಕಾಯಿ ಹಿಡಿಯುತ್ತದೆ ಅನ್ನುವಂಥ ಒಂದೆರಡು ಒಳ್ಳೆಯ ಹಿಡಿತವೂ ಉಂಟು. ಆದರೆ ಹೆಚ್ಚಿನವು, ಒಂದು ಸಲ ಹಿಡಿದರೆ ನಮ್ಮ ಕೈಯಲ್ಲಿ ಬಿಡಿಸಲು ಆಗದವು. ಬಯಲುಸೀಮೆಯ ಗೆಳತಿಯರು 'ಮಳೆ ಬಂತು' ಅನ್ನುತ್ತಾರೆ, ನೆಂಟರು ಬಂದ ಹಾಗೆ. ಆರಿದ್ರೆಯಿಂದ ಆಶ್ಲೇಷದವರೆಗೆ ಬಿಸಿಲು ಕಾಣದೆ, ಬಟ್ಟೆ ಒಲೆ ಮೇಲೆ ಒಣಗಿಸಿ, ತೋಟದಲ್ಲಿ ಎಳೆ ಅಡಿಕೆ ಉದುರುವುದನ್ನು ಎಣಿಸುತ್ತ ಕೂತವರಿಗೆ ಮಳೆ ಹಿಡಿಯುತ್ತದೆ. ಆ ಒಂದು ಕ್ರಿಯಾಪದದಲ್ಲಿ ನಮ್ಮ ಎರಡು ತಿಂಗಳು ಇದೆ. ಯಾರೂ ಕೂತು ಗೊತ್ತುಮಾಡಿದ್ದಲ್ಲ, ಆಡಿ ಆಡಿ ಪದಕ್ಕೆ ಆ ಒದ್ದೆ ಹತ್ತಿದೆ.

ಒಂದು ಕೊಕ್ಕೆ

ಶಾರ್ಟ್‌ಹ್ಯಾಂಡಿನ ಸೀನಿಯರ್ ಪರೀಕ್ಷೆ ಪಾಸಾದಮೇಲೆ ಒಬ್ಬ ವಕೀಲರ ಆಫೀಸಿಗೆ ಸೇರಿದೆ. ಕಾನೂನಿನ ಇಂಗ್ಲಿಷು ಪೂರಾ ಜೋಡಿಗಳದ್ದು. 'ನಲ್ ಅಂಡ್ ವಾಯ್ಡ್', 'ವಿಲ್ ಅಂಡ್ ಟೆಸ್ಟಮೆಂಟ್', 'ಟರ್ಮ್ಸ್ ಅಂಡ್ ಕಂಡಿಶನ್ಸ್'. ಒಂದು ಹೇಳಿದರೆ ಇನ್ನೊಂದು ಹೇಳಲೇಬೇಕು. ನಮ್ಮ ಹಳೆ ಕ್ರಯಪತ್ರಗಳಲ್ಲಿ, ಅದಕ್ಕೂ ಹಿಂದಿನ ದಾನಶಾಸನಗಳಲ್ಲಿ 'ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ' ಅಂತ ಎಂಟು ಹಕ್ಕು ಒಂದೇ ಉಸಿರಿನಲ್ಲಿ ಬರುವುದಿಲ್ಲವೇ, ಹಾಗೆ. ಬರೆಯುವ ಕೈಗೆ ಇದು ಬಹಳ ಸುಖ. ಅರ್ಧ ಕೇಳಿದರೆ ಉಳಿದರ್ಧ ತಾನೇ ಬರುತ್ತದೆ.

ಆ ಆಫೀಸಿಗೆ ಸಾಗರದ ಕಡೆಯ ಒಬ್ಬ ಹಿರಿಯ ಬೆಳೆಗಾರರು ಬರುತ್ತಿದ್ದರು. ಮೂರು ನಾಲ್ಕು ಎಕರೆ ತೋಟ, ಅಡಿಕೆ ಮೇಲೆ ಮುಂಗಡ ತಂದಿದ್ದ ಲೆಕ್ಕದಲ್ಲಿ ವ್ಯಾಪಾರಿ ಜೊತೆ ತಕರಾರು. ಲೆಕ್ಕದ ಕಾಗದ ಕಳಿಸಿದ್ದೇನೆ ಅಂತ ವ್ಯಾಪಾರಿ, ಬಂದೇ ಇಲ್ಲ ಅಂತ ಇವರು. ಬೆಳೆಗಾರರ ಹೆಸರಿನಲ್ಲೇ ಉತ್ತರ ಹೋಗಲಿ ಅಂತ ವಕೀಲರು ಸಂಜೆ ನಿಂತುಕೊಂಡೇ ಡಿಕ್ಟೇಟ್ ಮಾಡಿದರು. 'ಐ ಆಮ್ ನಾಟ್ ಇನ್ ರಿಸೀಟ್ ಆಫ್ ಯುವರ್ ಲೆಟರ್.' ಪಿಟ್ಮನ್‌ನಲ್ಲಿ 'ಐ ಆಮ್' ಬರೆಯುವ ಮ ಗೀಟನ್ನು ಅರ್ಧಕ್ಕೆ ನಿಲ್ಲಿಸಿ ಕೊನೆಗೊಂದು ಸಣ್ಣ ಕೊಕ್ಕೆ ಕೊಟ್ಟರೆ 'ಐ ಆಮ್ ನಾಟ್'. ನನ್ನ ಕೈ ಅದನ್ನು ಕೊಡಲಿಲ್ಲ. ಸಾವಿರ ಸಲ ಬರೆದ ಆ ಏಳು ಪದದ ಗೀಟನ್ನೇ ನುಣ್ಣಗೆ ಎಳೆದುಬಿಟ್ಟಿತು. ಮರುದಿನ ಬೆಳಿಗ್ಗೆ ಅದನ್ನೇ ಓದಿಕೊಂಡು ಟೈಪ್ ಮಾಡಿದೆ. ವಾಕ್ಯ ಚೆನ್ನಾಗಿಯೇ ಇತ್ತು, ಎಲ್ಲೂ ತೊಡರಲಿಲ್ಲ, ಹಾಗಾಗಿ ಅನುಮಾನವೂ ಬರಲಿಲ್ಲ. ವಕೀಲರು ಕೋರ್ಟಿಗೆ ಹೊರಡುವ ಗಡಿಬಿಡಿಯಲ್ಲಿದ್ದರು. ಬೆಳೆಗಾರರಿಗೆ ಇಂಗ್ಲಿಷ್ ಬಾರದು. ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಕನ್ನಡದಲ್ಲಿ, ನಿಧಾನಕ್ಕೆ, ಪೂರ್ತಿ ಹೆಸರು ಬರೆದು ಸಹಿ ಮಾಡಿದರು. 'ನಿಮ್ಮ ಕಾಗದ ನನಗೆ ತಲುಪಿದೆ' ಅನ್ನುವುದರ ಕೆಳಗೆ.

ಎದುರು ಪಾರ್ಟಿ ಆ ಕಾಗದವನ್ನೇ ಮುಂದಿಟ್ಟರು. ಸರಿ ಮಾಡಲು ತಿಂಗಳುಗಟ್ಟಲೆ ಆಯಿತು. ಅಷ್ಟು ಸಲ ಅವರು ಬೆಳಗಿನ ಬಸ್ಸು ಹಿಡಿದು ಬರಬೇಕಾಯಿತು, ಅಷ್ಟು ದಿನದ ತೋಟದ ಕೆಲಸ ಹೋಯಿತು. ತಪ್ಪು ನನ್ನದು ಅಂತ ನಾನೇ ಹೇಳಿದಾಗ ಅವರು ಬಯ್ಯಲಿಲ್ಲ. ಮೆಟ್ಟಿಲ ಮೇಲೆ ಕೂತು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಅಂದರು: "ದುಡ್ಡು ಹೋದ್ರೆ ಹೋಗ್ಲಿ ತಂಗಿ. ನಾನು ಸುಳ್ಳು ಹೇಳ್ದಂಗೆ ಆತಲ್ಲ." ಮೂವತ್ತು ವರ್ಷದ ಮೇಲಾಯಿತು. ಇವತ್ತೂ ಯಾವ ಕಾಗದ ಟೈಪ್ ಮಾಡಿದರೂ ಕಳಿಸುವ ಮೊದಲು ನಾನು ಆ ಕೊಕ್ಕೆ ಹುಡುಕುತ್ತೇನೆ.

ಅವತ್ತು ಸಂಜೆ ನೋಟ್‌ಬುಕ್ ತಗೊಂಡು ಮೇಷ್ಟ್ರ ಹತ್ತಿರ ಹೋದೆ. ಅವರು ಕನ್ನಡಕ ಹಣೆಗೇರಿಸಿ, ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಗೀಟು ಚೆನ್ನಾಗಿದೆ," ಅಂದರು. ಆಮೇಲೆ, "ಅದೇ ತೊಂದ್ರೆ. ಫ್ರೇಸು ಕೈಗೆ ಬಂದ್ಮೇಲೆ ಕಿವಿ ಮಲಗಿಬಿಡತ್ತೆ. ಅದನ್ನ ನಾನು ಹೇಳ್ಕೊಡ್ಲಿಲ್ಲ," ಅಂದರು. ಮಾರನೇ ವಾರದಿಂದ ಅವರು ಡಿಕ್ಟೇಶನ್ ಬದಲಾಯಿಸಿದ್ದನ್ನು ಕಿರಿಯರು ಹೇಳಿದರು. ರೂಢಿಯ ಸಾಲಿನ ನಡುವೆ ಒಂದು ಬೇರೆ ಪದ ಸೇರಿಸಿಬಿಡುತ್ತಿದ್ದರಂತೆ. 'ವಿತ್ ಗ್ರೇಟ್ ಪ್ಲೆಷರ್' ಅಂತ ಕೈ ಓಡುವಲ್ಲಿ 'ವಿತ್ ಗ್ರೇಟ್ ಸಾರೋ'. 'ರಿಗ್ರೆಟ್ ಟು ಇನ್ಫಾರ್ಮ್' ಬರಬೇಕಾದಲ್ಲಿ 'ರಿಗ್ರೆಟ್ ಟು ರಿಮೈಂಡ್'. ಓದಿಸಿದಾಗ ಯಾರು ಹಳೆಯದನ್ನೇ ಓದುತ್ತಾರೋ ಅವರು ಆ ಪುಟ ಮತ್ತೆ ಬರೆಯಬೇಕು. ಕೊನೆಯವರೆಗೂ ಹಾಗೇ ಕಲಿಸಿದರು.

ಫೋನು ಮಾಡುವುದೂ ಇದನ್ನೇ ಅಂತ ಅಣ್ಣನ ಮಗಳು ಹೇಳುತ್ತಾಳೆ. ಜನ ಬರೆದಿಟ್ಟ ರಾಶಿಯಲ್ಲಿ ಒಂದರ ಹಿಂದೆ ಯಾವುದು ಹೆಚ್ಚು ಸಲ ಬಂದಿದೆಯೋ ಅದನ್ನು ಮುಂದೆ ತಂದು ಇಡುವುದು. 'ಹಾರ್ದಿಕ' ಅಂದರೆ 'ಶುಭಾಶಯಗಳು', 'ಭಾವಪೂರ್ಣ' ಅಂದರೆ 'ಶ್ರದ್ಧಾಂಜಲಿ'. ನನ್ನ ಇಪ್ಪತ್ತೆರಡನೇ ವಯಸ್ಸಿನ ಕೈ ಹಾಗೇ ಇತ್ತು. ಅದಕ್ಕೇ ಆ ಬೆಳಿಗ್ಗೆ ಬೆರಳು ತಡೆಯಿತು ಅನ್ನಿಸುತ್ತದೆ. ಮೇಷ್ಟ್ರು ಹೋದ ಸುದ್ದಿಗೆ ನನ್ನ ಕಿವಿ ಮಲಗಿರುವಾಗ ಕೈ ಉತ್ತರ ಕೊಡುವುದು ಬೇಡವಾಗಿತ್ತು.

ಒಲೆ ಮುಂದಿಂದ ಎದ್ದು ಅಟ್ಟದ ಡಬ್ಬಿಯಲ್ಲಿದ್ದ ಹಳೆ ನೋಟ್‌ಬುಕ್ ಹುಡುಕಿದೆ. ಬೆಳ್ಳಿಹುಳ ತಿಂದಿತ್ತು, ಆದರೂ ಖಾಲಿ ಹಾಳೆ ಸಿಕ್ಕಿತು. ಮೇಷ್ಟ್ರ ಪ್ರತಿ ಡಿಕ್ಟೇಶನ್ನೂ ಮುಗಿಯುತ್ತಿದ್ದದ್ದು 'ಯುವರ್ಸ್ ಫೇತ್‌ಫುಲ್ಲಿ' ಎಂದು. ಅದಾದ ಮೇಲೆ ಸ್ಕೇಲಿನಿಂದ ಮೇಜಿನ ಮೇಲೆ ಒಂದು ತಟ್ಟು. ಎಷ್ಟು ಸಾವಿರ ಸಲ ಬರೆದಿರಬಹುದು ಅದನ್ನು, ಯಾವತ್ತೂ ಅದರ ಅರ್ಥದ ಕಡೆ ನೋಡಿರಲಿಲ್ಲ. ಪೆನ್ಸಿಲ್ ಚೂಪು ಮಾಡಿ, ಕಿಟಕಿ ಹತ್ತಿರ ಕೂತು, ಆ ಎರಡು ಪದವನ್ನು ಒಂದೇ ಎಳೆತದಲ್ಲಿ ಬರೆದೆ. ಫೋಟೋ ತೆಗೆದು ಗುಂಪಿಗೆ ಕಳಿಸಿದ ಮೇಲೆ ಚಾರ್ಜು ಮುಗಿದು ಫೋನು ಆಫ್ ಆಯಿತು.

ಕರೆಂಟು ಬಂದದ್ದು ರಾತ್ರಿ ಎಂಟಕ್ಕೆ. ನೋಡಿದರೆ ನನ್ನ ಹಾಳೆಯ ಕೆಳಗೆ ಹನ್ನೊಂದು ಫೋಟೋ. ಒಬ್ಬರು ಲೆಡ್ಜರ್ ಹಾಳೆಯ ಮೇಲೆ, ಒಬ್ಬರು ಕ್ಯಾಲೆಂಡರಿನ ಹಿಂಬದಿಗೆ, ಭದ್ರಾವತಿಯಲ್ಲಿರುವ ಹಿರಿಯರೊಬ್ಬರು ಔಷಧಿ ಚೀಟಿಯ ಮೇಲೆ, ಕೈ ನಡುಗಿ ಗೆರೆ ಎರಡು ಕಡೆ ಒಡೆದಿತ್ತು. ಎಲ್ಲದರಲ್ಲೂ ಅದೇ ಗೀಟು.